ಎರಡು ಚಪ್ಪಾಳೆಯ ಮೇಷ್ಟ್ರು

ಮನುಷ್ಯರನ್ನು ಕಂಡಾಗ ಕೆಲವರು ಮುಖ ನೋಡುತ್ತಾರೆ. ಕೆಲವರು ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿ ಮನೆತನ ಅಳೆಯುತ್ತಾರೆ. ನನ್ನ ಸೊಸೆ ಗಿರಿಜ ಬಂದ ಹೆಂಗಸರ ಸೀರೆಯ ಅಂಚು ನೋಡುತ್ತಾಳೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯವಳು ಅದನ್ನು ನೋಡದೆ ಇನ್ನೇನು ನೋಡಿಯಾಳು. ನಾನು ಮಾತ್ರ ಉಗುರು ನೋಡುತ್ತೇನೆ. ಚಟ ಎನ್ನಿ, ಕಾಯಿಲೆ ಎನ್ನಿ, ಎಪ್ಪತ್ತು ದಾಟಿದ ಮೇಲೆ ಬಿಡುವಂಥದ್ದಲ್ಲ. ಎದುರಿಗಿರುವವರು ಮಂತ್ರಿಯೇ ಆಗಲಿ, ಮಂತ್ರ ಹೇಳುವವರೇ ಆಗಲಿ, ನನ್ನ ಕಣ್ಣು ಮೊದಲು ಅವರ ಬೆರಳ ತುದಿಗೆ ಹೋಗಿ ಕೂರುತ್ತದೆ. ಅಲ್ಲಿ ಕೊಳೆ ಕಂಡರೆ ಬಾಯಿ ಸುಮ್ಮನಿರುವುದಿಲ್ಲ.

ಮದುವೆ ಮನೆಯಲ್ಲಿ ಕೋಸಂಬರಿ ಬಡಿಸಲು ಬಂದವನನ್ನು ಮೂರು ಸಲ ಕೈ ತೊಳೆಯಲು ಕಳಿಸಿದ್ದೇನೆ. ಅಷ್ಟರಲ್ಲಿ ಪಂಕ್ತಿಯವರೆಲ್ಲ ಮಜ್ಜಿಗೆಗೆ ಬಂದಿದ್ದರು, ನನ್ನ ಎಲೆಯಲ್ಲಿ ಉಪ್ಪು ಮಾತ್ರ ಇತ್ತು. ರೇಷನ್ ಅಂಗಡಿಯ ಹುಡುಗ ಮೆಷೀನ್ ಮುಂದಿಟ್ಟು "ಬೆರಳು ಕೊಡಿ ಅಜ್ಜಿ" ಎಂದರೆ, "ಮೊದ್ಲು ನಿನ್ ಬೆರಳು ತೋರ್ಸೋ" ಎಂದಿದ್ದೇನೆ. ಪಾಪ, ಈಗ ಅವನು ನಾನು ಸಾಲಿನಲ್ಲಿ ಕಂಡ ಕೂಡಲೇ ಒಳಗೆ ಹೋಗಿ ಸೋಪು ಹುಡುಕುತ್ತಾನೆ. ನಮ್ಮ ಯಜಮಾನರಂತೂ ಮದುವೆಯಾದ ಎಂಟನೇ ದಿನದಿಂದ ತೀರಿಕೊಳ್ಳುವವರೆಗೆ ಪ್ರತಿ ಸೋಮವಾರ ಬೆಳಿಗ್ಗೆ, ಕಾಫಿಗೆ ಮುಂಚೆ, ನನ್ನ ಮುಂದೆ ಎರಡೂ ಕೈ ಚಾಚಿದರು. ಒಳ್ಳೆಯ ಮನುಷ್ಯ. ಕಾಫಿ ಇಲ್ಲದೆ ಅವರಿಗೆ ನಡೆಯುತ್ತಿರಲಿಲ್ಲ.

ಇದೆಲ್ಲ ನನಗೆ ಅಂಟಿಸಿದವರು ನಂಜಪ್ಪ ಮೇಷ್ಟ್ರು. ನಮ್ಮ ಬೀದಿಯ ಶಾಲೆಯಲ್ಲಿ ನಾನು ಮೂರನೇ ಕ್ಲಾಸಿನವರೆಗೆ ಓದಿದೆ. ಆಮೇಲೆ ಮನೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತಲು ಎರಡು ಕೈ ಬೇಕಾಯಿತು. ಆ ಎರಡು ಕೈ ನನ್ನವಾಗಿದ್ದವು, ಅಲ್ಲಿಗೆ ಓದು ಮುಗಿಯಿತು. ಶಿಕ್ಷಕರ ದಿನಾಚರಣೆ ಬಂದರೆ ಮೊಮ್ಮಗಳು ಸಹನಾಳ ಮೊಬೈಲಿಗೆ ಬೆಳಗಿನಿಂದ ಸಂದೇಶಗಳು ಬಂದು ಬೀಳುತ್ತವೆ. ಗುರು ಎಂದರೆ ದೀಪವಂತೆ, ಏಣಿಯಂತೆ, ಉರಿದು ಬೆಳಕು ಕೊಡುವ ಮೇಣದಬತ್ತಿಯಂತೆ. ನನ್ನ ಮೇಷ್ಟ್ರು ದೀಪವೂ ಅಲ್ಲ, ಏಣಿಯೂ ಅಲ್ಲ. ಅವರು ಒಂದು ಪೊರಕೆಕಡ್ಡಿ. ನಿಜವಾದ ಪೊರಕೆಕಡ್ಡಿ. ಬಲಗಿವಿಯ ಮೇಲೆ ಬಡಗಿ ಪೆನ್ಸಿಲ್ ಸಿಕ್ಕಿಸಿಕೊಂಡಂತೆ ಅದನ್ನು ಸಿಕ್ಕಿಸಿಕೊಂಡಿರುತ್ತಿದ್ದರು.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಅವರು ಒಂದೂ ಮಾತಾಡದೆ ಎರಡು ಚಪ್ಪಾಳೆ ತಟ್ಟುವರು. ನಾವೆಲ್ಲ ಕೈ ಮುಂದೆ ಚಾಚಬೇಕು, ಉಗುರು ಮೇಲೆ. ಇನ್ನೊಂದು ಚಪ್ಪಾಳೆಗೆ ಅಂಗೈ ಮೇಲೆ. ಸಾಲಿನುದ್ದಕ್ಕೂ ಬಂದು ಒಬ್ಬೊಬ್ಬರ ಉಗುರಿನ ಸಂದಿಗೂ ಕಡ್ಡಿ ಆಡಿಸಿ, ಕೊಳೆ ಬಂದರೆ ಅದೇ ಕಡ್ಡಿಯಿಂದ ಗೆಣ್ಣಿನ ಮೇಲೆ ಒಂದು ಏಟು. ಅವರು ಕಲಿಸಿದ ನದಿಗಳ ಹೆಸರು ಹರಿದುಹೋದವು. ಮಗ್ಗಿ ಏಳಕ್ಕೆ ನಿಂತಿದೆ. ಒಳ್ಳೆಯ ಮಕ್ಕಳು ಹೇಗಿರಬೇಕು ಎಂಬ ಪದ್ಯದಲ್ಲಿ ಮೊದಲನೇ ಸಾಲೂ ನೆನಪಿಲ್ಲ. ಆ ಎರಡು ಚಪ್ಪಾಳೆ ಮಾತ್ರ ಮೈಯೊಳಗೆ ಉಳಿದುಬಿಟ್ಟಿದೆ. ಅವರಿಗೆ ಹೊಸಕೋಟೆ ಕಡೆಗೆ ವರ್ಗವಾದಾಗ ಇಡೀ ಕ್ಲಾಸು ಅತ್ತಿತು. ನಾನು ಅಳಲಿಲ್ಲ. ಮುಂದಿನ ಸೋಮವಾರ ಆರಾಮಾಗಿರಬಹುದು ಎಂದುಕೊಂಡೆ. ಮುಂದಿನ ಸೋಮವಾರ ನಾನೇ ಬಾವಿಕಟ್ಟೆಯ ಹತ್ತಿರ ತಮ್ಮಂದಿರನ್ನು ಸಾಲಾಗಿ ನಿಲ್ಲಿಸಿದ್ದೆ.

ಈ ಚಟದಿಂದ ನಮ್ಮ ಮನೆಯಲ್ಲಿ ಒಂದು ಸಂಬಂಧ ಮುರಿದಿತ್ತು. ಹೋದ ವರ್ಷ ಸಹನಾಳನ್ನು ನೋಡಲು ನೆಲಮಂಗಲದ ಕಡೆಯ ಒಬ್ಬ ಹುಡುಗ ಬಂದಿದ್ದ. ಬಿಳಿ ಅಂಗಿ, ಬಿಳಿ ಕಾರು. ಕಿರುಬೆರಳಿನ ಉಗುರು ಮಾತ್ರ ಒಂದಂಗುಲ ಉದ್ದ. ನಾನು ವಿಚಾರಿಸಿದೆ, ಅಷ್ಟೇ. "ಇದನ್ನ ಯಾತಕ್ಕಪ್ಪಾ ಸಾಕಿದ್ದೀಯಾ? ಕಿವಿಗೋ, ಮೂಗಿಗೋ?" ಅವರು ಕೇಸರಿಬಾತನ್ನು ತಟ್ಟೆಯಲ್ಲೇ ಬಿಟ್ಟು ಎದ್ದುಹೋದರು. ಆ ಹುಡುಗ ತನಗೂ ಇಷ್ಟವಿರಲಿಲ್ಲ ಎಂದು ಸಹನಾ ಆಮೇಲೆ ಹೇಳಿದಳು. ಆದರೆ ಬೀದಿಯಲ್ಲಿ ಸುದ್ದಿ ಹಬ್ಬಿ, ಮೂರು ತಿಂಗಳು ನಮ್ಮ ಮನೆ ಕಡೆಗೆ ಯಾರೂ ಜಾತಕ ಕಳಿಸಲಿಲ್ಲ. ಮಗ ರವಿ ನನ್ನೊಂದಿಗೆ ಮಾತು ಬಿಟ್ಟ. ಮಾತಾಡುವಾಗಲೂ ಅವನು ಹೇಳುವುದು ಹೆಚ್ಚೇನಿಲ್ಲವಾದ್ದರಿಂದ ನನಗೆ ಅದು ಗೊತ್ತಾಗಲು ಎರಡು ದಿನ ಹಿಡಿಯಿತು.

ಈ ವರ್ಷ ಸಂಕ್ರಾಂತಿ ಕಳೆದ ಮೊದಲನೇ ಭಾನುವಾರ ಇನ್ನೊಂದು ಕಡೆಯವರು ಬರುವುದೆಂದಾಯಿತು. ಹುಡುಗನ ಹೆಸರು ಲೋಕೇಶ, ಹೊಸಕೋಟೆಯವನು, ವಿದ್ಯುತ್ ಮಗ್ಗ ರಿಪೇರಿ ಮಾಡುವ ಕೆಲಸ. ಸಹನಾ ಸೀರೆಯ ಅಂಚಿಗೆ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಕಡೆಗೇ ಅವನೂ ಮಗ್ಗ ನೋಡಲು ಬರುತ್ತಿದ್ದನಂತೆ. ಅಂದರೆ ನೋಡುವುದು ಮೊದಲೇ ಆಗಿತ್ತು. ನಾವು ನೋಡುವುದು ಬಾಕಿ. ಹಿಂದಿನ ದಿನ ಅವಳು ನನ್ನ ಪಕ್ಕ ಬಂದು ಕೂತಳು.

"ಅಜ್ಜೀ, ಇದು ನಂಗೆ ಬೇಕಾಗಿರೋ ಸಂಬಂಧ."

"ಆಗ್ಲಿ ಬಿಡು, ನಾನೇನ್ ಅಡ್ಡ ಮಲಗಿದೀನಾ?"

"ಅವ್ನದ್ದು ಮೆಕ್ಯಾನಿಕ್ ಕೆಲಸ. ಕೈ ಹೆಂಗಿರ್ತದೆ ಅಂತ ನಿಂಗೇ ಗೊತ್ತು. ನೀನು ಉಗುರು ಅಂತ ಬಾಯಿ ಬಿಟ್ರೆ, ದೇವ್ರಾಣೆಗೂ ಈ ಜನ್ಮದಲ್ಲಿ ನಿನ್ ಜೊತೆ ಮಾತಾಡಲ್ಲ."

ಅವಳ ಕಣ್ಣಲ್ಲಿ ನೀರಿತ್ತು. ನನಗೆ ಅಳುವವರನ್ನು ಕಂಡರೆ ಆಗುವುದಿಲ್ಲ, ಬೇಗ ಒಪ್ಪಿಕೊಂಡೆ. "ಬಾಯಿ ಬಿಡಲ್ಲ ಹೋಗೇ" ಎಂದು ತಲೆಯ ಮೇಲೆ ಕೈಯಿಟ್ಟು ಹೇಳಿದೆ. ರವಿಗೆ ಅದೂ ಸಾಲಲಿಲ್ಲ. "ಅಮ್ಮನ್ನ ಅಡುಗೆ ಮನೇಲಿ ಕೂರ್ಸು" ಎಂದು ಗಿರಿಜಳಿಗೆ ಹೇಳಿದ. ಭಾನುವಾರ ಬೆಳಿಗ್ಗೆ ಅವಳು ನನ್ನ ಮುಂದೆ ಒಂದು ಮೊರದ ತುಂಬ ಅವರೆಕಾಯಿ ಸುರಿದು, ನೆನೆಸಿದ ಕಾಳಿನ ಪಾತ್ರೆಯನ್ನೂ ಪಕ್ಕಕ್ಕೆ ಇಟ್ಟು, "ಅತ್ತೆ, ಸುಲಿದು ಹಿದುಕ್ತಾ ಇರಿ, ನಿಧಾನವಾಗಿ" ಎಂದಳು. ಆ 'ನಿಧಾನವಾಗಿ'ಯ ಅರ್ಥ ನನಗೆ ತಿಳಿಯದೇ ಇರುತ್ತದೆಯೇ? ಎಮ್ಮೆಗೆ ಮೇವು ಹಾಕಿ ಕಟ್ಟುವುದೂ ಹೀಗೆಯೇ.

ಅವರು ನಾಲ್ಕು ಜನ ಬಂದರು. ಹುಡುಗ, ಅವನ ಅಪ್ಪ, ಅಮ್ಮ, ಮತ್ತು ನನ್ನ ವಯಸ್ಸಿನ ಅವನ ಅಜ್ಜಿ ಸಾವಿತ್ರಮ್ಮ. ಆಕೆಯೇ ಕೆಡಿಸಿದ್ದು. "ಹುಡುಗಿ ಅಜ್ಜಿ ಇದಾರಂತಲ್ಲಾ, ಎಲ್ಲಿ? ಕರೀರಿ, ವಯಸ್ಸಾದೋರು ವಯಸ್ಸಾದೋರ ಜೊತೆ ಕೂತ್ಕೋಬೇಕು" ಎಂದು ನಡುಮನೆಯಿಂದ ಕೂಗಿದರು. ರವಿಗೆ ಬೇರೆ ದಾರಿ ಇರಲಿಲ್ಲ. ನಾನು ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋಗಿ ಸಾವಿತ್ರಮ್ಮನ ಎದುರಿನ ಕುರ್ಚಿಯಲ್ಲಿ ಕೂತೆ. ಬಾಯಿ ಬಿಗಿದುಕೊಂಡಿದ್ದೆ. ಗಿರಿಜ ನಿಪ್ಪಟ್ಟು, ರವೆಉಂಡೆ ತಂದಿಟ್ಟಳು. ಸಹನಾ ತಲೆ ತಗ್ಗಿಸಿ ಕಾಫಿ ಕೊಟ್ಟಳು. ಹುಡುಗ ನೋಡಲು ಚೆನ್ನಾಗಿದ್ದ, ಮಾತು ಕಡಿಮೆ. ಅವನು ಉಂಡೆಗೆ ಕೈ ಚಾಚಿದ.

ಐದೂ ಉಗುರಿನ ಸುತ್ತಲೂ ಕಾಡಿಗೆ ತೀಡಿದಂತೆ ಕಪ್ಪು.

ನಾನು ಬಾಯಿ ಬಿಡಲಿಲ್ಲ. ಇದನ್ನು ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ. ಮಾತು ಕೊಟ್ಟಿದ್ದು ಬಾಯಿ, ಅದು ಮಾತು ಉಳಿಸಿಕೊಂಡಿತು. ಕೈಯನ್ನು ಯಾರೂ ಕೇಳಿರಲಿಲ್ಲ. ಅದು ತನ್ನಷ್ಟಕ್ಕೆ ತಾನೇ ಎರಡು ಚಪ್ಪಾಳೆ ತಟ್ಟಿಬಿಟ್ಟಿತು.

ಸಹನಾ ಮುಖ ಮುಚ್ಚಿಕೊಂಡಳು. ರವಿ "ಅಮ್ಮಾ!" ಎಂದ. ಆದರೆ ಹುಡುಗನ ಕಡೆಯವರು ನನ್ನ ಕಡೆ ನೋಡುತ್ತಿರಲಿಲ್ಲ, ಅವರ ಅಜ್ಜಿಯನ್ನು ನೋಡುತ್ತಿದ್ದರು. ಬಾಯಲ್ಲಿ ಅರ್ಧ ನಿಪ್ಪಟ್ಟು ಇಟ್ಟುಕೊಂಡೇ ಸಾವಿತ್ರಮ್ಮ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಯನ್ನು ಮುಂದೆ ಚಾಚಿ ಕೂತಿದ್ದರು. ಉಗುರು ಮೇಲೆ.

ಹೆದರುತ್ತಲೇ ಇನ್ನೊಂದು ಚಪ್ಪಾಳೆ ತಟ್ಟಿದೆ. ಆ ಕೈಗಳು ತಿರುಗಿ ಅಂಗೈ ಮೇಲಾದವು.

ಇಷ್ಟಾದ ಮೇಲೆ ಬಾಯಿ ಮುಚ್ಚಿಕೊಂಡು ಏನು ಪ್ರಯೋಜನ? "ಕಡ್ಡಿ ಯಾವ ಕಿವಿ ಮೇಲೆ?" ಎಂದು ಕೇಳಿದೆ.

"ಬಲಗಿವಿ" ಎಂದರು ಸಾವಿತ್ರಮ್ಮ, ನಿಪ್ಪಟ್ಟು ನುಂಗಿ. "ಅಯ್ಯೋ ನಿಮ್ಮ! ನಂಜಪ್ಪ ಮೇಷ್ಟ್ರು ನಿಮ್ಗೂ ಇದ್ರಾ? ನನ್ ತೌರು ಹೊಸಕೋಟೆ ಕಡೆ, ಅನುಗೊಂಡನಹಳ್ಳಿ ಹತ್ರ. ಅಲ್ಲಿಗೆ ಬಂದಿದ್ರು ಕಣಮ್ಮಾ."

"ನಮ್ಮೂರಿಂದ್ಲೇ ವರ್ಗ ಆಗಿ ಬಂದಿದ್ದು. ಅಲ್ಲೂ ಹೊಡೀತಿದ್ರಾ?"

"ಬಿಡ್ತಾರಾ? ಅಲ್ಲಾ, ಇಷ್ಟ್ ವರ್ಷ ಆದ್ಮೇಲೂ ನೋಡಿ, ಚಪ್ಪಾಳೆ ಕೇಳ್ತಿದ್ದಂಗೆ ಕೈ ಓಡ್ತು. ಮೊಮ್ಮಕ್ಕಳು ಕರೆದ್ರೆ ಇಷ್ಟ್ ಬೇಗ ಏಳಲ್ಲ ನಾನು."

ಎಲ್ಲರೂ ನಕ್ಕರು, ರವಿಯೂ ನಕ್ಕ. ಅಲ್ಲಿಗೇ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ. "ಹಂಗಾದ್ರೆ ನೀವೇ ಹೇಳಿ," ಎಂದೆ, "ಮೇಷ್ಟ್ರ ಶಿಷ್ಯೆ ಮನೇಲಿ ಹುಡುಗನ ಉಗುರು ಹಿಂಗಿರಬಹುದಾ?" ಸಹನಾ ಹಿಂದಿನಿಂದ ನನ್ನ ಸೆರಗು ಹಿಡಿದು ಎಳೆದಳು.

ಸಾವಿತ್ರಮ್ಮ ನಗು ನಿಲ್ಲಿಸಿದರು. "ಮೇಷ್ಟ್ರು ಯಾವತ್ತಾದ್ರೂ ಕಡ್ಡಿ ಆಡಿಸದೆ ಹೊಡೆದಿದ್ರಾ? ನೀವು ಕಡ್ಡಿ ಆಡಿಸಿದ್ರಾ?"

ಆ ಮಾತಿಗೆ ಅರವತ್ತು ವರ್ಷಕ್ಕೂ ಹಿಂದಿನ ಒಂದು ಸೋಮವಾರ ನೆನಪಿಗೆ ಬಂತು. ಮನೆಯಲ್ಲಿ ಅಪ್ಪನ ಜೊತೆ ರೇಷ್ಮೆಗೆ ಬಣ್ಣ ಹಾಕಿ ನನ್ನ ಕೈ ಮಣಿಕಟ್ಟಿನವರೆಗೆ ಕೆಂಪಾಗಿತ್ತು, ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಸಾಲಿನ ಕೊನೆಯಲ್ಲಿ ಹೋಗಿ ನಿಂತಿದ್ದೆ. ಮಕ್ಕಳೆಲ್ಲ ಇವತ್ತು ಇವಳಿಗಿದೆ ಎಂದು ಕಾಯುತ್ತಿದ್ದರು. ಮೇಷ್ಟ್ರು ಒಂದೊಂದೇ ಉಗುರಿಗೆ ಕಡ್ಡಿ ಆಡಿಸಿದರು. ಏನೂ ಬರಲಿಲ್ಲ. "ಇದು ಬಣ್ಣ. ಬಣ್ಣಕ್ಕೆ ಏಟಿಲ್ಲ" ಎಂದರು. ಎಡಗೈ ಕಿರುಬೆರಳಿನಲ್ಲಿ ಮಾತ್ರ ಬೆಲ್ಲ ಸಿಕ್ಕಿತು. ಅದಕ್ಕೆ ಏಟು ಕೊಟ್ಟೇ ಮುಂದೆ ಹೋದರು. ಆ ಏಟನ್ನು ನಾನು ಮರೆತಿರಲಿಲ್ಲ, ಅದಕ್ಕೆ ಮುಂಚಿನ ಮಾತನ್ನು ಹೇಗೆ ಮರೆತೆನೋ ಕಾಣೆ. ಅಂದರೆ ಇಷ್ಟು ವರ್ಷ ನಾನು ಮೇಷ್ಟ್ರ ಅರ್ಧ ಪಾಠ ಹಿಡಿದುಕೊಂಡು ಊರನ್ನೆಲ್ಲ ಗದರಿಸಿಕೊಂಡು ಓಡಾಡಿದ್ದೆ. ಉಳಿದರ್ಧ ಹೊಸಕೋಟೆಗೆ ಹೋಗಿ ಈಕೆಯ ಬಳಿ ಕೂತಿತ್ತು.

"ಗಿರಿಜಾ, ಹೊಸ ಪೊರಕೆಯಿಂದ ಒಂದು ಕಡ್ಡಿ ಮುರ್ಕೊಂಡ್ ಬಾ" ಎಂದೆ.

"ಅತ್ತೆ, ಬೇಡ..."

"ತಗೊಂಡ್ ಬಾರಮ್ಮಾ," ಎಂದರು ಸಾವಿತ್ರಮ್ಮ. "ಲೋಕೀ, ಹೋಗು, ಅಜ್ಜಿ ಮುಂದೆ ಕೂತ್ಕೋ."

ಹುಡುಗ ಎದ್ದು ಬಂದು ನನ್ನ ಮುಂದೆ ನೆಲದ ಮೇಲೆ ಕೂತು ಕೈ ಚಾಚಿದ. ಕನ್ನಡಕ ಏರಿಸಿಕೊಂಡೆ. ಹತ್ತು ಬೆರಳಿಗೂ ಕಡ್ಡಿ ಆಡಿಸಿದೆ. ಏನೂ ಬರಲಿಲ್ಲ. ಮಗ್ಗದ ಎಣ್ಣೆ ಚರ್ಮದ ಗೆರೆಗೆ ಇಳಿದು ಕೂತಿತ್ತು, ನನ್ನ ಕೈಗಿದ್ದ ಕೆಂಪಿನ ಹಾಗೆ. ಉಗುರೋ, ಕಡ್ಡಿ ತೂರಿಸಲೂ ಜಾಗವಿಲ್ಲದಷ್ಟು ಸಣ್ಣ. ತುದಿ ಕನ್ನಡಿಯಂತೆ ನುಣುಪು.

"ಇಷ್ಟ್ ನುಣುಪಾಗಿ ಯಾವುದ್ರಲ್ಲಿ ಉಜ್ತೀಯಪ್ಪಾ?"

"ಸಣ್ಣ ಅರ ಇಟ್ಕೊಂಡಿದೀನಿ ಅಜ್ಜಿ. ಉಗುರು ಒಂಚೂರು ತರಿ ಇದ್ರೂ ರೇಷ್ಮೆ ಎಳೆ ಸಿಕ್ಕಾಕ್ಕೊಂಡು ಹರಿದೋಗ್ತದೆ. ವಾರಕ್ಕೊಂದ್ಸಲ ಉಜ್ಜಿಲ್ಲ ಅಂದ್ರೆ ನಮ್ಮಜ್ಜಿ ಬಿಡಲ್ಲ."

"ಯಾವ ವಾರ?"

"ಸೋಮವಾರ."

ಮೂರನೇ ಕ್ಲಾಸಿನವರೆಗೆ ಓದಿದ್ದಕ್ಕೆ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ. "ಬಣ್ಣಕ್ಕೆ ಏಟಿಲ್ಲ. ಎದ್ದೇಳಪ್ಪಾ" ಎಂದೆ. ಸಹನಾ ಅಳುತ್ತಿದ್ದಳೋ ನಗುತ್ತಿದ್ದಳೋ, ಅಂತೂ ಮೂಗು ಒರೆಸಿಕೊಳ್ಳುತ್ತಿದ್ದಳು. ರವಿ ಹುಡುಗನ ಅಪ್ಪನ ಕಡೆ ತಿರುಗಿ ಮಾತುಕತೆಗೆ ದಿನ ಯಾವುದು ಎಂದು ಕೇಳಿದ. ನಾನು ಕಾಲು ಚಾಚಿ ಕೂತು, ಈ ಮನೆಯಲ್ಲಿ ಒಳ್ಳೆಯ ಕೆಲಸ ನನ್ನಿಂದಲೇ ಆಗಬೇಕು ಎಂಬ ಮುಖ ಮಾಡಿಕೊಂಡು ರವೆಉಂಡೆಗೆ ಕೈ ಹಾಕುವವಳಿದ್ದೆ.

ಚಪ್, ಚಪ್. ಎರಡು ಚಪ್ಪಾಳೆ.

ನನಗೆ ಗೊತ್ತಾಗುವುದರೊಳಗೆ ನನ್ನ ಎರಡೂ ಕೈ ಸಾವಿತ್ರಮ್ಮನ ಮುಂದೆ ಚಾಚಿಕೊಂಡಿದ್ದವು. ಬೆಳಗಿನಿಂದ ಅವರೆಕಾಯಿ ಸುಲಿದ ಕೈ. ಬೆರಳಿಗೆಲ್ಲ ಕಪ್ಪು ಹಸಿರು ಸೊನೆ. ಸಾಲದ್ದಕ್ಕೆ ಬಲಗೈ ಹೆಬ್ಬೆರಳಿನಲ್ಲಿ, ಕಾಯಿ ಸೀಳಲು ಅನುಕೂಲ ಎಂದು ಕಾರ್ತಿಕದಿಂದ ಸಾಕಿಕೊಂಡು ಬಂದ ಅರ್ಧ ಅಂಗುಲದ ಉಗುರು. ಅವರೆ ಕಾಲ ಮುಗಿಯುವವರೆಗೆ ಅದು ಉಗುರಲ್ಲ, ಉಪಕರಣ ಎಂದು ನನ್ನ ಲೆಕ್ಕ.

ಸಾವಿತ್ರಮ್ಮ ನನ್ನ ಮಡಿಲಲ್ಲಿದ್ದ ಕಡ್ಡಿಯನ್ನೇ ತೆಗೆದುಕೊಂಡು ಆಡಿಸಿದರು. ಬಂತು. ಚೆನ್ನಾಗಿಯೇ ಬಂತು. "ಇದು ಬಣ್ಣ ಅಲ್ಲ ಕಣಮ್ಮಾ" ಎಂದು ಎಲ್ಲರಿಗೂ ತೋರಿಸಿ, ನನ್ನ ಗೆಣ್ಣಿನ ಮೇಲೆ ಟಣ್ಣೆಂದು ಒಂದು ಕೊಟ್ಟರು. ರವಿ ಅಷ್ಟು ನಕ್ಕಿದ್ದನ್ನು ನಾನು ಅವನ ಮದುವೆಯಲ್ಲೂ ನೋಡಿಲ್ಲ.

ಮದುವೆ ಗಟ್ಟಿಯಾಯಿತು. ಗಂಡಿನ ಕಡೆಯವರು ಒಂದೇ ಒಂದು ಷರತ್ತು ಹಾಕಿದ್ದಾರೆ, ಅದು ನನ್ನ ಹೆಬ್ಬೆರಳಿನ ಉಗುರಿನದ್ದು. ಸಹನಾ ತಾನೇ ಕೂತು ಕತ್ತರಿಸಿದಳು. ಈಗ ಪ್ರತಿ ಸೋಮವಾರ ಕಾಫಿಗೆ ಮುಂಚೆ ಬೀಗಿತ್ತಿ ಸಾವಿತ್ರಮ್ಮನ ವಿಡಿಯೋ ಕಾಲ್ ಬರುತ್ತದೆ. ಅವರು ಚಪ್ಪಾಳೆ ತಟ್ಟುತ್ತಾರೆ, ನಾನು ಮೊಬೈಲಿಗೆ ಕೈ ಚಾಚುತ್ತೇನೆ. ಮೊನ್ನೆ ಸೋಮವಾರ ಮಾತ್ರ ನೆಟ್‌ವರ್ಕ್ ಇಲ್ಲ ಎಂದು ಗಿರಿಜಳ ಕೈಲಿ ಹೇಳಿಸಿದೆ. ಸುಳ್ಳು ನಿಜ. ಆದರೆ ಸಂತೆಯಲ್ಲಿ ಅವರೆಕಾಯಿ ಇನ್ನೂ ಬರುತ್ತಲೇ ಇದೆ, ಉಗುರು ಈಗ ತಾನೇ ಹದಕ್ಕೆ ಬರುತ್ತಿದೆ.