ಬರ್ತೀನಿ ಎಂದವರಿಗೆ ಕಾದಿಟ್ಟ ಮೇಜುಗಳು

ಮಾನ್ಯ ವ್ಯವಸ್ಥಾಪಕರು,
ಹೋಟೆಲ್ ಶೀತಲ ದರ್ಬಾರ್, ಎ.ಸಿ. ಫ್ಯಾಮಿಲಿ ರೆಸ್ಟೋರೆಂಟ್,
ಸುಪರ್ ಮಾರ್ಕೆಟ್ ಹಿಂದಿನ ರಸ್ತೆ, ಕಲಬುರಗಿ.

ಮಾನ್ಯರೇ,

ಮೇ ತಿಂಗಳ ಬಿಸಿಲಿನಲ್ಲಿಯೂ ಕೋಟಿನ ಗುಂಡಿ ಬಿಚ್ಚದೆ ಗಾಜಿನ ಬಾಗಿಲ ಒಳಗೆ ನಿಂತು ನಮ್ಮ ಊರನ್ನು ಕರುಣೆಯಿಂದ ನೋಡುತ್ತಿರುವ ತಮ್ಮ ಸನ್ನಿಧಿಗೆ, ನಂದೂರಿನ ಬೇಳೆ ಮಿಲ್ಲೊಂದರಲ್ಲಿ ಹೆಡ್ ಗುಮಾಸ್ತನಾಗಿದ್ದು ಖೂಬಾ ಪ್ಲಾಟಿನ ಬಾಡಿಗೆ ಮನೆಯಲ್ಲಿ ವಾಸಿಸುವ ಮುಕುಂದರಾವ್ ಜೇವರ್ಗಿಕರ ಎಂಬ ಅಲ್ಪನು ಮಾಡುವ ಅನಂತ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಮ್ಮ ಎ.ಸಿ. ಯಂತ್ರದ ಕ್ಷೇಮಕ್ಕಾಗಿ ಇಡೀ ಊರು ಪ್ರಾರ್ಥಿಸುತ್ತಿದೆ.

ದೂರು ಹೇಳುವ ಮೊದಲು ಉಪಕಾರ ಸ್ಮರಿಸುವುದು ನಮ್ಮ ಕಡೆಯ ರೀತಿ. ಈ ರಸ್ತೆ ವರ್ಷಗಟ್ಟಲೆ ಹೇಗೆ ಮಲಗಿತ್ತೆಂಬುದು ತಮಗೆ ತಿಳಿದಿರಲಾರದು. ಟಾಕೀಸು ಮುಚ್ಚಿತು, ಅದರ ಬೆನ್ನಿಗೇ ಚಹದಂಗಡಿ ಮುಚ್ಚಿತು, ಗೋಣಿಚೀಲದ ವ್ಯಾಪಾರದವರು ಗಂಜ್ ಮಾರುಕಟ್ಟೆಗೆ ಎದ್ದುಹೋದರು, ಕೊನೆಗೆ ಉಳಿದದ್ದು ಸಲಾವುದ್ದೀನ್ ಭಾಯಿಯ ಗಡಿಯಾರ ರಿಪೇರಿ ಅಂಗಡಿ ಮತ್ತು ಅದರ ಕಟ್ಟೆಯ ಮೇಲೆ ಮಲಗುವ ಆಡುಗಳು. ಈಗ ನೋಡಿದರೆ ಆ ಆಡುಗಳಿಗೇ ದಾರಿ ತಪ್ಪುವಂತಾಗಿದೆ. ಗಾಜಿನ ಸೀರೆ ಶೋರೂಮು ಬಂತು, ಮೊಬೈಲ್ ಅಂಗಡಿ ಬಂತು, ಮದುವೆಯಾಗದವರೂ ಜೋಡಿಯಾಗಿ ಕೂರಬಹುದಾದ ಐಸ್‌ಕ್ರೀಮ್ ಪಾರ್ಲರ್ ಬಂತು, ಎಲ್ಲಕ್ಕೂ ಕಳಸವಿಟ್ಟ ಹಾಗೆ ತಮ್ಮ ಶೀತಲ ದರ್ಬಾರು ಬಂತು. ಸಂಜೆಯಾದರೆ ಮೊಳ ಮಲ್ಲಿಗೆ ಮುಡಿದ ಹೆಂಗಸರು ಬರೀ ತಮ್ಮ ಬಾಗಿಲು ತೆರೆದಾಗ ಬರುವ ತಂಪು ಗಾಳಿಗೆಂದು ಈ ರಸ್ತೆಯಲ್ಲಿ ಎರಡು ಸಲ ಅಡ್ಡಾಡುತ್ತಾರೆ.

ತಾವು ಲುಧಿಯಾನಾದಿಂದ ಬಂದವರು. ಬರುವ ದಾರಿಯಲ್ಲಿ ರೈಲಿನಲ್ಲೇ ಒಂದು ತೆಳ್ಳನೆಯ ಪುಸ್ತಕ ಓದಿ ಕನ್ನಡ ಕಲಿತು ಇಳಿದವರು. ಇದಕ್ಕೆ ನಾವು ತಲೆಬಾಗುತ್ತೇವೆ. ಆದರೆ ಆ ಪುಸ್ತಕ ಬರೆದ ಪುಣ್ಯಾತ್ಮನು, ಕನ್ನಡಿಗರು ಹೊರಡುವಾಗ ಏನೆನ್ನುತ್ತಾರೆ ಎಂಬ ಒಂದು ಪಾಠವನ್ನು ಬಿಟ್ಟುಬಿಟ್ಟಿದ್ದಾನೆ. ನಮ್ಮಲ್ಲಿ ಎದ್ದು ಹೋಗುವವರು ‘ಹೋಗ್ತೀನಿ’ ಎನ್ನುವುದಿಲ್ಲ. ಅಂದರೆ ಮನೆಯ ಹಿರಿಯರು ‘ಬಿಡ್ತು ಅನ್ನು’ ಎಂದು ಗದರುತ್ತಾರೆ. ಆ ಮಾತನ್ನು ನಾವು ಒಂದೇ ಒಂದು ಪ್ರಯಾಣಕ್ಕೆ ಮೀಸಲಿಟ್ಟಿದ್ದೇವೆ, ಆ ಪ್ರಯಾಣಕ್ಕೆ ಹೊರಟವರು ಹೇಳಿ ಹೋಗುವ ಸ್ಥಿತಿಯಲ್ಲಿರುವುದಿಲ್ಲ. ಆದ್ದರಿಂದ ಹೋಗುವವರೆಲ್ಲ ‘ಬರ್ತೀನ್ರಿ’ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮರಾಠಿಯೂ ಉಂಟು, ಅದರಲ್ಲಿಯೂ ‘ಯೇತೋ’ ಎಂದೇ ಚಪ್ಪಲಿ ಮೆಟ್ಟುತ್ತೇವೆ. ಸಲಾವುದ್ದೀನ್ ಭಾಯಿ ತಮ್ಮ ಉರ್ದುವಿನಲ್ಲಿ ‘ಜಾಕೋ ಆತೂಂ’ ಎನ್ನುತ್ತಾರೆ. ಮೂರು ಭಾಷೆಯ ಊರು, ಮೂರರಲ್ಲಿಯೂ ಒಂದೇ ಸುಳ್ಳು. ಶರಣಬಸವೇಶ್ವರರ ಗುಡಿಯಲ್ಲಿ ಕೈ ಮುಗಿದು ಹೊರಡುವಾಗ ದೇವರಿಗೂ ‘ಬರ್ತೀನಪ್ಪಾ’ ಎಂದೇ ಹೇಳುತ್ತೇವೆ. ದೇವರು ನಮ್ಮನ್ನು ಬಲ್ಲವನು, ಜಾಗ ಹಿಡಿದಿಟ್ಟು ಕೂರುವುದಿಲ್ಲ.

ತಾವು ಹಿಡಿದಿಟ್ಟಿರಿ. ಕಾಫಿ ಕುಡಿದು, ಸೋಂಪು ಬಾಯಿಗೆ ಹಾಕಿಕೊಂಡು ‘ಬರ್ತೀನ್ರಿ’ ಎಂದವರು ಕುಳಿತಿದ್ದ ಮೇಜಿನ ಮೇಲೆಲ್ಲ ‘ರಿಸರ್ವ್ಡ್’ ಎಂಬ ಹಿತ್ತಾಳೆ ಫಲಕವಿಟ್ಟು ಕಾಯತೊಡಗಿದಿರಿ. ಜೋಳದ ವ್ಯಾಪಾರಿ ಖಂಡೆಪ್ಪನವರು ಒಬ್ಬರೇ ಬಂದಿದ್ದರೂ, ದೊಡ್ಡ ಮನುಷ್ಯರ ರೂಢಿಯಂತೆ ‘ಬರ್ತೀವ್ರಿ’ ಎಂದು ಬಹುವಚನದಲ್ಲಿ ಹೇಳಿ ಹೋದದ್ದರಿಂದ, ಕಿಟಕಿ ಬದಿಯ ಸಾಲನ್ನೇ ಅವರ ಪರಿವಾರಕ್ಕೆ ಮೀಸಲಿಟ್ಟಿರಿ. ಬಾಗಿಲ ಪಕ್ಕದಲ್ಲಿ ಹೂ ಮಾರುವ ದುಂಡಮ್ಮ ತಂಪಿಗೆಂದು ಒಂದು ಗಳಿಗೆ ಒಳಗೆ ಬಂದು, ‘ಬರ್ತೀನಪಾ ತಮ್ಮಾ, ನಿನ್ನ ಹೊಟ್ಟಿ ತಣ್ಣಗಿರಲಿ’ ಎಂದು ಹರಸಿ ಹೊರಟಿದ್ದಕ್ಕೆ ಆಕೆಗೂ ಒಂದು ಮೇಜು. ‘ನನ್ನ ಹೆಸರೀಲೆ ಬೋರ್ಡ್ ಇಟ್ಟಾನ್ರೀ ಈ ತಮ್ಮ, ನಾ ಏನ್ ಸತ್ತೀನೇನು?’ ಎಂದು ಆಕೆ ಕಂಡಕಂಡವರ ಮುಂದೆ ಅತ್ತದ್ದು ತಮ್ಮ ಕಿವಿಗೆ ಬಿದ್ದಿರಲಾರದು, ತಮ್ಮ ಗಾಜು ಅಷ್ಟು ದಪ್ಪ.

ಹೀಗೆ ಕೆಲವೇ ದಿನಗಳಲ್ಲಿ ತಮ್ಮ ಹೋಟೆಲು ಪೂರ್ತಿ ತುಂಬಿತು. ಒಳಗೆ ಒಬ್ಬರೂ ಇರಲಿಲ್ಲ. ಜಾಗ ಸಿಗದ ಹೋಟೆಲೆಂಬ ಕೀರ್ತಿ ಹಬ್ಬಿ, ಆಳಂದ ಸೇಡಂ ಕಡೆಯವರೂ ಬಂದು ಗಾಜಿಗೆ ಮೂಗು ಒತ್ತಿ, ಖಾಲಿ ಕುರ್ಚಿಗಳನ್ನು ನೋಡಿ, ‘ಭಾರೀ ನಡದದ ಬಿಡ್ರಿ’ ಎಂದು ಮೆಚ್ಚಿ ಹೋದರು. ಪಕ್ಕದ ಸೀರೆ ಶೋರೂಮಿನ ನಾಗಣ್ಣನವರಿಗೆ ತಮ್ಮ ಈ ಪದ್ಧತಿ ತಗುಲದಿರಲಿ ಎಂಬುದೊಂದೇ ನಮ್ಮ ಹರಕೆ. ಅಟ್ಟದ ಮೇಲಿನ ಸೀರೆಯನ್ನೆಲ್ಲ ಬಿಚ್ಚಿಸಿ ‘ನೋಡಿ ಬರ್ತೀವ್ರಿ’ ಎಂದು ಮೆಟ್ಟಿಲಿಳಿದ ಹೆಂಗಸರಿಗಾಗಿ ಅವರೂ ಸೀರೆ ಎತ್ತಿಡತೊಡಗಿದರೆ, ಆ ಅಂಗಡಿಯಲ್ಲಿ ಮಾರಲು ಒಂದು ಕರವಸ್ತ್ರವೂ ಉಳಿಯಲಾರದು.

ಇಷ್ಟು ಊರಿನ ಮಾತಾಯಿತು. ಇನ್ನು ನನ್ನ ಹೊಟ್ಟೆಯುರಿ.

ನನ್ನ ಮಗಳು ವೈಜಯಂತಿಗೆ ವರ ಹುಡುಕುತ್ತಿದ್ದೇವೆ. ಬಂದವರೆಲ್ಲ ನಮ್ಮ ಜಮಖಾನೆಯ ಮೇಲೆ ಕುಳಿತು, ಅವಳು ಟ್ರೇಯಲ್ಲಿ ತಂದ ಉಪ್ಪಿಟ್ಟು ಶಿರಾ ತಿಂದು, ‘ಬರ್ತೀವ್ರಿ’ ಎಂದು ಎದ್ದರು. ಒಬ್ಬರೂ ಬರಲಿಲ್ಲ. ಕಳೆದ ಸಲ ಅವಳು ಟ್ರೇ ತೊಳೆದು ಬೋರಲು ಹಾಕಿ, ‘ಅಪ್ಪಾ, ಇನ್ನ ಟ್ರೇ ಹಿಡಕೊಂಡು ನಾ ಹೊರಗ ಬರಂಗಿಲ್ಲ. ನೋಡೋರಿದ್ರ ಎಲ್ಲ್ಯರ ಹೋಟೆಲಿನ್ಯಾಗ ನೋಡ್ಲಿ, ನಾನೂ ಅವರ ಸಮಾ ಕೂತು ತಿಂತೀನಿ. ಇದೊಂದು ಸಲ. ಇದರ ಮ್ಯಾಲ ನನ್ನ ಕೇಳಬ್ಯಾಡ’ ಎಂದಳು. ಕಮಲಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಪಾಂಡುರಂಗ ಎಂಬ ವರನ ಕಡೆಯವರು ಇದಕ್ಕೆ ಒಪ್ಪಿದರು. ನಾನು ಹಿಂದೊಮ್ಮೆ ತಮ್ಮಲ್ಲಿ ಕಾಫಿ ಕುಡಿದು ‘ಬರ್ತೀನ್ರಿ’ ಎಂದಿದ್ದೆನಾದ್ದರಿಂದ, ನನ್ನ ಪಾಲಿನ ಮೇಜು ಹೇಗೂ ಉಂಟಲ್ಲ ಎಂಬ ಧೈರ್ಯದಲ್ಲಿ ಕಳೆದ ಭಾನುವಾರ ಅವರನ್ನು ಬಸ್ ಸ್ಟ್ಯಾಂಡಿನಿಂದ ನೇರ ತಮ್ಮ ಬಾಗಿಲಿಗೆ ಕರೆತಂದೆ.

ತಾವು ಬಗ್ಗಿ ನಮಸ್ಕರಿಸಿದಿರಿ. ಬಾಗಿಲು ತೆರೆದಿರಿ. ನನ್ನನ್ನು ಒಳಗೆ ಬಿಟ್ಟುಕೊಂಡು ಉಳಿದವರಿಗೆ ಅಂಗೈ ಅಡ್ಡ ಹಿಡಿದು, ಆ ಪುಸ್ತಕದ ಕನ್ನಡದಲ್ಲಿ, ‘ಕ್ಷಮಿಸಬೇಕು, ತಾವು ಬರ್ತೀನಿ ಎಂದಿದ್ದೀರಿ, ಇದು ಏಕವಚನ. ಇವರು ಬಹುವಚನ’ ಎಂದಿರಿ. ವ್ಯಾಕರಣದಲ್ಲಿ ತಮ್ಮನ್ನು ಮೀರಿಸುವವರಿಲ್ಲ. ನಾನು ಅಲ್ಲಿಯೇ ತಿರುಗಿ ಬರಬೇಕಿತ್ತು, ಆದರೆ ಇಬ್ಬರು ವೇಟರುಗಳು ಕುರ್ಚಿ ಎಳೆದು, ಕೊರಳಿಗೆ ಬಟ್ಟೆ ಸಿಕ್ಕಿಸಿ, ಮುಂದೆ ಟೊಮೆಟೊ ಸೂಪು ಇಟ್ಟ ಮರ್ಯಾದೆಯ ರಭಸಕ್ಕೆ ಕುಳಿತುಬಿಟ್ಟೆ. ಗಾಜಿನ ಆಚೆ, ಉರಿಬಿಸಿಲಿನ ಫುಟ್‌ಪಾತಿನ ಮೇಲೆ, ನನ್ನ ಹೆಂಡತಿ ಇಂದೂಬಾಯಿ, ಮಗಳು, ವರ ಪಾಂಡುರಂಗ ಮತ್ತು ಕಮಲಾಪುರದ ಕೆಂಪು ಬಾಳೆಹಣ್ಣಿನ ಚೀಲ ಹಿಡಿದ ಅವನ ತಾಯಿ ಸರಸ್ವತೀಬಾಯಿ ಸಾಲಾಗಿ ನಿಂತು, ನಾನು ಸೂಪು ಕುಡಿಯುವುದನ್ನು ನೋಡಿದರು. ಕನ್ಯೆ ನೋಡಲು ಬಂದವರಿಗೆ ಕನ್ಯೆಯ ಅಪ್ಪನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಿದ ಕೀರ್ತಿ ಈ ಭಾರತ ದೇಶದಲ್ಲಿ ತಮಗೊಬ್ಬರಿಗೇ ಸಲ್ಲಬೇಕು.

ಆಮೇಲಿನದನ್ನು ನಾನು ಕೇಳಲಿಲ್ಲ, ಬರೀ ಕಂಡೆ. ದುಂಡಮ್ಮ ತಾನು ಕೂರುವ ಸ್ಟೂಲನ್ನು ನನ್ನ ಮಗಳಿಗೆ ಬಿಟ್ಟುಕೊಟ್ಟಳು. ಸರಸ್ವತೀಬಾಯಿ, ಹೊರಗಿನದನ್ನು ಮುಟ್ಟದ ಮಡಿಯವರು, ಸಲಾವುದ್ದೀನ್ ಭಾಯಿಯ ಕಟ್ಟೆಯ ಮೇಲೆ ಸೆರಗು ಹಾಸಿ ಕುಳಿತು ತಮ್ಮ ಬಾಳೆಹಣ್ಣನ್ನೇ ಎಲ್ಲರಿಗೂ ಹಂಚಿದರು. ಪಾಂಡುರಂಗನು ರಸ್ತೆ ದಾಟಿ, ಎದುರಿನ ಭಜಿ ಗಾಡಿಯವನ ಅಗಲವಾದ ಮುಚ್ಚಳವನ್ನು ಬೋರಲು ಮಾಡಿ, ಅದರ ಮೇಲೆ ಚುರುಮುರಿಯ ಸುಸಲಾ ಮತ್ತು ಮಿರ್ಚಿ ಭಜಿಯ ತಟ್ಟೆಗಳನ್ನಿಟ್ಟುಕೊಂಡು, ಎರಡು ಆಟೋಗಳ ನಡುವೆ ಹಾಯ್ದು ತಂದು ನನ್ನ ಮಗಳ ಮುಂದೆ ಹಿಡಿದು ನಿಂತ. ಕೂತವಳು ಅವಳು, ತಂದವನು ಅವನು. ಅವಳು ಏನೋ ಅಂದಳು, ಅವನು ಏನೋ ಅಂದ, ಅವಳು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ನೋಡದೆ ಬಹಳ ದಿನಗಳಾಗಿದ್ದವು. ನನ್ನ ಕನ್ನಡಕ ಮಂಜಾದದ್ದಕ್ಕೆ ತಮ್ಮ ಸೂಪಿನ ಆವಿಯೇ ಕಾರಣವೆಂದು ದಯಮಾಡಿ ತಿಳಿಯುವುದು.

ಬಟ್ಟೆ ಕಿತ್ತೆಸೆದು ನಾನು ಹೊರಗೆ ಓಡಿ ಬರುವಷ್ಟರಲ್ಲಿ ಅವರ ಬಸ್ಸಿನ ಹೊತ್ತಾಗಿತ್ತು. ಸರಸ್ವತೀಬಾಯಿ ಎದ್ದು ಸೆರಗು ಕೊಡವಿ, ‘ಬರ್ತೀವ್ರಿ’ ಎಂದರು. ಇಂದೂಬಾಯಿ ನೆಲ ನೋಡಿದಳು. ವೈಜಯಂತಿಯ ನಗು ಅಲ್ಲಿಗೇ ನಿಂತಿತು. ಆ ಮಾತಿನ ಅರ್ಥ ನಮ್ಮ ಮನೆಯವರಷ್ಟು ಬಲ್ಲವರು ಈ ಜಿಲ್ಲೆಯಲ್ಲಿಲ್ಲ.

ಆಗ, ನನ್ನ ಬೆನ್ನಿಗೇ ಬಂದು ತೆರೆದ ಬಾಗಿಲಲ್ಲಿ ಆ ಮಾತು ಕೇಳಿಸಿಕೊಂಡ ತಾವು ಹೊರಗೆ ಬಂದಿರಿ. ಕಂಕುಳಲ್ಲಿ ಆ ಹಿತ್ತಾಳೆ ಫಲಕ ಇರುಕಿಕೊಂಡು, ನಮ್ಮೂರಿನಲ್ಲಿ ಯಾರೂ ಯಾರನ್ನೂ ಕೇಳದ, ಕೇಳಿದರೆ ಮರ್ಯಾದೆಗೆಟ್ಟವನೆನಿಸುವ ಒಂದು ಪ್ರಶ್ನೆಯನ್ನು ಕೈಮುಗಿದು ಕೇಳಿದಿರಿ: ‘ಯಾವಾಗ, ಅಮ್ಮಾ?’

ಸರಸ್ವತೀಬಾಯಿ ತಬ್ಬಿಬ್ಬಾದರು. ಅವರ ಆಯುಷ್ಯದಲ್ಲಿಯೇ ಆ ಪ್ರಶ್ನೆ ಅವರಿಗೆ ಎದುರಾಗಿರಲಿಲ್ಲ. ಮಗನ ಮುಖ ನೋಡಿದರು. ಪಾಂಡುರಂಗ ಗಾಡಿಯವನ ಮುಚ್ಚಳ ಇನ್ನೂ ಕೈಯಲ್ಲೇ ಹಿಡಿದಿದ್ದವನು, ‘ಗುರುವಾರ ಅನ್ನ ಅವ್ವಾ, ರಾಯರ ವಾರ ಅದ’ ಎಂದ. ಆಕೆ ನನ್ನ ಮಗಳ ಗಲ್ಲ ಸವರಿ, ‘ಹೂಂನ್ರಿ, ಗುರುವಾರ. ಮಾತು ಮುಗಸಲಿಕ್ಕೆ ಹಿರ್‍ಯಾರನ್ನ ಕರಕೊಂಡ ಬರ್ತೀವಿ’ ಎಂದರು.

ಆದ್ದರಿಂದ, ಮಾನ್ಯರೇ, ನಾನು ದೂರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ. ಸೂಪಿನ ಅವಮಾನ ಸೂಪಿನದೇ. ಆದರೆ ಕಲಬುರಗಿಯಲ್ಲಿ ಕನ್ಯೆಯಿರುವ ಪ್ರತಿಯೊಂದು ಮನೆಯ ಹೊಸ್ತಿಲಲ್ಲಿಯೂ ಏಕಕಾಲಕ್ಕೆ ತಾವೇ ಕೋಟು ತೊಟ್ಟು ನಿಂತು, ಬೀಗರಾಗಬೇಕಾದವರು ಚಪ್ಪಲಿ ಮೆಟ್ಟುವಾಗ ಆ ಒಂದು ಪ್ರಶ್ನೆಯನ್ನು ಕೇಳಬೇಕೆಂದು ನನ್ನ ಸವಿನಯ ಬೇಡಿಕೆ. ಅದು ಆಗದಿದ್ದಲ್ಲಿ, ಗುರುವಾರ ಮಧ್ಯಾಹ್ನಕ್ಕೆ ಖಂಡೆಪ್ಪನವರ ಕಾಣದ ಪರಿವಾರವನ್ನು ಕಿಟಕಿಯ ಸಾಲಿನಿಂದ ಎಬ್ಬಿಸಿ ನಮ್ಮವರನ್ನು ಕೂರಿಸಬೇಕು. ಈ ಸಲ ವ್ಯಾಕರಣ ಸರಿಯಾಗಿ ಬರೆಯುತ್ತಿದ್ದೇನೆ: ನಾವು ಬರ್ತೀವಿ. ನಿಜವಾಗಿಯೂ ಬರ್ತೀವಿ.

ಇಂತಿ, ಏಕವಚನದಲ್ಲಿ ಸೂಪು ಕುಡಿದ
ತಮ್ಮ ವಿಶ್ವಾಸಿ,
ಮುಕುಂದರಾವ್ ಜೇವರ್ಗಿಕರ
ಖೂಬಾ ಪ್ಲಾಟ್, ಕಲಬುರಗಿ. ಮೇ ೨೦೦೩.

ತಾ.ಕ.: ಎಂದಾದರೊಂದು ದಿನ ತಮಗೆ ಬೇರೆ ಊರಿಗೆ ವರ್ಗವಾದೀತು. ಅಂದು ಇಡೀ ರಸ್ತೆಯವರು ಹಾರ ಹಾಕಿ, ಕೈ ಹಿಡಿದು, ಕಣ್ಣೊರೆಸಿಕೊಂಡು ‘ಹೋಗಿ ಬರ್ರಿ ಸಾಹೇಬ್ರ’ ಎನ್ನುತ್ತಾರೆ. ದಯಮಾಡಿ ಆ ಮಾತನ್ನು ನಂಬಿ ಮರುದಿನವೇ ಬಂದುಬಿಡಬೇಡಿ.