ಮಾವನ ಹುಲ್ಲುಗಾವಲಿಗೊಂದು ಬೇಲಿ

ಆ ಬೇಸಿಗೆಯಲ್ಲಿ ಡೆಲ್ಮರ್ ಸ್ಟೆನ್‌ರುಡ್ ಭೀಷ್ಮಪ್ರತಿಜ್ಞೆಯನ್ನೇ ಮಾಡಿಬಿಟ್ಟ. ಭಾಮೈದ ಆರ್ನಿಯ ಹಸುಗಳ ಉಸಿರೂ ತನ್ನ ಹಸುಗಳಿಗೆ ತಾಗದ ಹಾಗೆ ನಡುವೆ ಒಂದು ಮುಳ್ಳುತಂತಿ ಬೇಲಿ ಹಾಕುವುದೇ ಆ ಪ್ರತಿಜ್ಞೆ. ಬೇಲಿಯೆಂದರೆ ಅಂತಿಂಥ ಬೇಲಿಯಲ್ಲ.

"ಸೊಳ್ಳೆ ಕೂಡ ನನ್ನ ಅಪ್ಪಣೆ ಕೇಳಿ ದಾಟ್ಬೇಕು, ಅಂಥ ಬೇಲಿ ಹಾಕ್ತೀನಿ," ಎಂದು ಅಡುಗೆಮನೆಯ ನಡುವೆ ನಿಂತು ಘೋಷಿಸಿದ.

ಹೆಂಡತಿ ಲವೋನ್ ಸಿಹಿ ಕಡುಬಿಗೆ ರೂಬಾರ್ಬ್ ಎಂಬ ಹುಳಿ ದಂಟು ಹೆಚ್ಚುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ. "ಸೊಳ್ಳೆ ವಿಷಯ ಬಂತಲ್ಲ, ಮೊದಲು ಈ ಕಿಟಕಿ ಜಾಲರಿ ಹರಿದಿರೋದನ್ನ ಸರಿಮಾಡು. ಹೋದ ವರ್ಷದಿಂದ ಹೇಳ್ತಾ ಇದೀನಿ," ಅಂದಳು.

ಭೀಷ್ಮನಿಗೆ ಹೆಂಡತಿ ಇರಲಿಲ್ಲ. ಹಾಗಾಗಿ ಅವನ ಪ್ರತಿಜ್ಞೆ ನಡೆಯಿತು.

ಜಗಳದ ಮೂಲ ಒಂದು ಉಪ್ಪಿನ ಗಟ್ಟಿ. ಲವೋನಳ ಅಪ್ಪ ಸಾಯುವಾಗ ಮೊಂಟಾನಾದ ಆ ದೊಡ್ಡ ಹುಲ್ಲುಗಾವಲನ್ನು ಮಗಳಿಗೂ ಮಗನಿಗೂ ಸಮಪಾಲು ಮಾಡಿ ಬಿಟ್ಟುಹೋಗಿದ್ದ. ಅದರ ಪಡುವಣ ಅಂಚಿಗೆ ಡೆಲ್ಮರನ ಮನೆ, ಮೂಡಣ ಅಂಚಿಗೆ ಆರ್ನಿಯ ಮನೆ. ಕಾಗದದ ಮೇಲೆ ಪಾಲಾಗಿದ್ದರೂ ನೆಲದ ಮೇಲೆ ಗೆರೆ ಬಿದ್ದಿರಲಿಲ್ಲ. ಕೆಂಪು ಹಸುಗಳು ಡೆಲ್ಮರನವು, ಕಪ್ಪು ಹಸುಗಳು ಆರ್ನಿಯವು. ಬೇಸಿಗೆಯುದ್ದಕ್ಕೂ ಕೂಡಿ ಮೇಯುತ್ತಿದ್ದವು. ಅವು ನೆಕ್ಕುವ ಉಪ್ಪಿನ ಗಟ್ಟಿಗಳನ್ನು ಮಾತ್ರ ಭಾವ ಭಾಮೈದ ಸರದಿಯ ಮೇಲೆ ತಂದಿಡುವುದೆಂದು ಮಾತಾಗಿತ್ತು.

ಯಾರ ಕರು ಎಂದು ಗುರುತು ಸಿಗಲು ಕರುಗಳಿಗೆ ಮುದ್ರೆ ಕಾಯಿಸಿ ಒತ್ತುವ ದಿನ ಸುತ್ತಮುತ್ತಲಿನವರೆಲ್ಲ ಕೈಜೋಡಿಸಲು ಬರುವುದು ನಮ್ಮ ಕಡೆಯ ಪದ್ಧತಿ. ಈ ವರ್ಷವೂ ಆ ದಿನ ಮಧ್ಯಾಹ್ನ ಉದ್ದನೆಯ ಮೇಜಿನ ಸುತ್ತ ಕೂತು ಎಲ್ಲರೂ ಮಾಂಸ, ಬೀನ್ಸು, ಆಲೂಗಡ್ಡೆ ಹೊಡೆಯುತ್ತಿದ್ದರು. ಸರದಿ ಡೆಲ್ಮರನದಾದರೂ ಹುಲ್ಲುಗಾವಲಿನಲ್ಲಿ ಉಪ್ಪು ಮುಗಿದು ವಾರಗಳಾಗಿದ್ದವು. ಆರ್ನಿ ತಟ್ಟೆ ಕೆರೆಯುತ್ತಾ ಎಲ್ಲರಿಗೂ ಕೇಳುವ ಹಾಗೆ ಅಂದ:

"ಹುಲ್ಲು ಹೇಗೂ ಹೆಂಡ್ತಿ ಜೊತೆ ಬಂತು. ಉಪ್ಪನ್ನಾದ್ರೂ ಸ್ವಂತದ್ದು ತರಬಾರದಾ, ಡೆಲ್?"

ಮೇಜಿಗೆ ಮೇಜೇ ಗೊಳ್ಳೆಂದಿತು. ಡೆಲ್ಮರನ ಕಿವಿ ಕೆಂಪಾಯಿತು. ಅವನೂ ನಕ್ಕುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನು ತಟ್ಟೆ ಕೆಳಗಿಟ್ಟು, "ಹಾಗಾದ್ರೆ ಬೇಲಿ ಹಾಕೋಣ. ನಿನ್ನ ಹುಲ್ಲು ನಿನಗೆ, ನನ್ನ ಹೆಂಡ್ತಿ ಹುಲ್ಲು ನನಗೆ," ಅಂದ. ಆರ್ನಿಯೇನು ಕಡಿಮೆ? "ಹಾಕೋಣ," ಅಂದ. ಅಂದಿನಿಂದ ಇಬ್ಬರಿಗೂ ಮಾತು ಬಂದ್.

ಇಬ್ಬರ ನಡುವಿನ ಬೇಲಿಗೆ ನಮ್ಮ ಕಡೆ ಒಂದು ಕಟ್ಟಳೆಯಿದೆ. ಇಬ್ಬರೂ ಗಡಿಯ ನಟ್ಟನಡುವೆ ಬಂದು ಎದುರುಬದುರು ನಿಲ್ಲಬೇಕು. ನನ್ನ ಬಲಗೈ ಕಡೆಯ ಅರ್ಧ ನನ್ನ ಕೆಲಸ, ನಿನ್ನ ಬಲಗೈ ಕಡೆಯ ಅರ್ಧ ನಿನ್ನದು. ಓದುಬರಹ ಬೇಡ, ವಕೀಲ ಬೇಡ. ಒಬ್ಬರ ಮುಖ ಒಬ್ಬರು ನೋಡಿದರೆ ಸಾಕು.

"ಇಬ್ರೂ ಹೋಗಿ ಅಪ್ಪನ ಗಾಳಿಯಂತ್ರದ ಹತ್ರ ಒಂದ್ಸಲ ನಿಂತ್ಕೊಳ್ಳಿ. ಐದು ನಿಮಿಷದ ಕೆಲಸ," ಅಂದಳು ಲವೋನ್. ದನಗಳಿಗೆ ನೀರೆತ್ತಲು ಅವಳಪ್ಪ ನಿಲ್ಲಿಸಿದ ಆ ಗಾಳಿಯಂತ್ರ ಗಡಿಯ ಮಧ್ಯಕ್ಕೇ ಇತ್ತು.

"ಆ ಮುಖ ನೋಡೋದಕ್ಕಾ? ನಾನೊಬ್ನೇ ಹೋಗಿ ನಿಲ್ತೀನಿ."

"ಒಬ್ನೇ ನಿಂತ್ರೆ ಹೇಗಾಗುತ್ತೆ?"

"ಯಾಕಾಗಲ್ಲ? ನನ್ನ ಬಲಗೈ ಯಾವುದು ಅಂತ ನನಗೆ ಗೊತ್ತಿಲ್ವಾ? ಅದೇ ಕೈಲಲ್ವಾ ನಾನು ಊಟ ಮಾಡೋದು?"

"ಕೈ ಗೊತ್ತಿದೆ ಕಣೋ, ತಲೆದೇ ಚಿಂತೆ," ಅಂದಳು ಲವೋನ್.

ಡೆಲ್ಮರ್ ಹೋಗಿ ನಿಂತ. ಎದುರಿಗೆ ದೂರದಲ್ಲಿ ಆರ್ನಿಯ ಮನೆಯ ಹಸಿರು ತಗಡಿನ ಮಾಡು ಕಾಣಿಸಿತು. ಆ ಮಾಡಿಗೆ ತಗಡು ಹೊದಿಸುವಾಗ ಮೇಲೆ ಹತ್ತಿ ಮೊಳೆ ಹೊಡೆದವನು ಇವನೇ. ಈಗ ಅದನ್ನು ಕಂಡದ್ದೇ ತಡ ಮೈಯೆಲ್ಲ ಉರಿಯಿತು. ಮಾಡಿಗೂ ಮುಖ ತೋರಿಸಬಾರದೆಂದು ಗಿರಕ್ಕನೆ ತಿರುಗಿ, ತನ್ನ ಮನೆಯ ಕಡೆ ನೋಡುತ್ತಾ ಬಲಗೈ ಚಾಚಿದ. ಕೈ ಬಡಗಣ ದಿಕ್ಕಿಗೆ ಹೋಯಿತು. ಅಲ್ಲಿದ್ದದ್ದು ಬರೀ ಬಂಡೆ ತುಂಬಿದ ಗುಡ್ಡ. ತೆಂಕಣ ಅರ್ಧದಲ್ಲಾದರೋ ಬೆಣ್ಣೆಯಂಥ ಮಣ್ಣು, ಕೊಳ, ಮರದ ನೆರಳು.

"ಅದೃಷ್ಟ ಅಂದ್ರೆ ಅವನ್ದೇ ಬಿಡು," ಎಂದು ಗಾಳಿಯಂತ್ರಕ್ಕೆ ದೂರು ಹೇಳಿ, ಗುಡ್ಡದ ಆಚೆ ತುದಿಯ ಹಳ್ಳದ ಬಳಿಯಿಂದ ಕೆಲಸ ಶುರುಮಾಡಿದ. ಅಲ್ಲಿಂದ ಶುರುಮಾಡಿದರೆ ಆರ್ನಿಯ ಮನೆ ಕಾಣದು ಎಂಬುದೂ ಒಂದು ಕಾರಣ. ಹೋಗಿಬರುವಾಗಲೂ ಅವನು ಗಾಳಿಯಂತ್ರದ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ.

ಕಬ್ಬಿಣದ ಗೂಟ ನೆಡುವುದು ಇಬ್ಬರ ಕೆಲಸ. ಒಬ್ಬ ನೆಟ್ಟಗೆ ಹಿಡಿಯಬೇಕು, ಇನ್ನೊಬ್ಬ ಬಡಿಯಬೇಕು. ಇಷ್ಟು ವರ್ಷ ಎಲ್ಲಿ ಬೇಲಿ ಹಾಕಿದರೂ ಹಿಡಿಯುವವನು ಆರ್ನಿ, ಬಡಿಯುವವನು ಡೆಲ್ಮರ್. ಹಿಮ ಬೀಳುವಾಗ ಡೆಲ್ಮರನ ಕಳೆದುಹೋದ ಹಸುಗಳನ್ನು ಹುಡುಕಲು ಹೋಗಿ ಕುದುರೆಯಿಂದ ಬಿದ್ದು ಆರ್ನಿಯ ಭುಜ ಮುರಿದಿತ್ತು, ಅಂದಿನಿಂದ ಅವನು ಭಾರದ ಸುತ್ತಿಗೆ ಎತ್ತುವ ಹಾಗಿರಲಿಲ್ಲ. ಆ ವಿಷಯವನ್ನು ಡೆಲ್ಮರ್ ಈ ಬೇಸಿಗೆ ನೆನೆಯಲಿಲ್ಲ. ನೆನಪಾದಾಗಲೆಲ್ಲ ಇನ್ನೂ ಜೋರಾಗಿ ಬಡಿಯುತ್ತಿದ್ದ.

ಒಬ್ಬನೇ ಹಿಡಿದು ಒಬ್ಬನೇ ಬಡಿಯುವ ಸಾಹಸದಲ್ಲಿ ಎರಡು ಹೆಬ್ಬೆರಳೂ ನೀಲಿಯಾದವು. ಗೂಟ ಬಂಡೆಗೆ ತಾಗಿ ಬಾಗಿದವು. ಬಿಗಿಯುತ್ತಿದ್ದ ತಂತಿ ಕೈತಪ್ಪಿ ಚಿಮ್ಮಿ ಪ್ಯಾಂಟಿನ ಹಿಂಭಾಗವನ್ನೇ ಕಿತ್ತುಕೊಂಡು ಹೋಯಿತು. ಇತ್ತ ಅವನ ಕೆಂಪು ಹಸುಗಳು, ಬೇಲಿಯಾಗುವ ತನಕ ಹುಲ್ಲುಗಾವಲು ತುಳಿಯಕೂಡದೆಂಬ ಯಜಮಾನನ ಶಪಥದ ದೆಸೆಯಿಂದ, ಹಸಿರು ಉಕ್ಕುವ ಕಾಲದಲ್ಲಿ ದೊಡ್ಡಿಯೊಳಗೆ ನಿಂತು ಚಳಿಗಾಲದ ಒಣಹುಲ್ಲು ಜಗಿಯುತ್ತಿದ್ದವು.

ಲವೋನ್ ಅವನ ಪ್ಯಾಂಟಿಗೆ ತೇಪೆ ಹಾಕಿದಳು, ಮಾತಿಗೆ ಹಾಕಲಿಲ್ಲ. ಭಾನುವಾರ ಬಂತೆಂದರೆ ರೂಬಾರ್ಬ್ ಕಡುಬನ್ನು ಇಡಿಯಾಗಿ ಎತ್ತಿಕೊಂಡು, ರಸ್ತೆ ಬಳಸಿ ಕಾರಿನಲ್ಲಿ ತಮ್ಮನ ಮನೆಗೆ ಹೋಗಿಬಿಡುವಳು. ಗಂಡನಿಗೆ ಡಬ್ಬಿಯ ಬೀನ್ಸು.

"ನಿನ್ನ ತಮ್ಮನ ಕೆಲಸ ಎಲ್ಲಿಗೆ ಬಂತಂತೆ?" ಎಂದು ಒಮ್ಮೆ ಬೀನ್ಸು ಕೆದಕುತ್ತಾ ಕೇಳಿದ.

"ನಡೀತಿದೆಯಂತೆ. ಕಲ್ಲು ಜಾಸ್ತಿ ಅಂದ. ಭುಜ ಊದಿಕೊಂಡಿದೆ."

"ಕಲ್ಲಾ?" ಡೆಲ್ಮರನ ಚಮಚ ನಿಂತಿತು. "ಅವನ ಕಡೆ ಕೈಲಿ ಒತ್ತಿದ್ರೂ ಗೂಟ ಇಳಿಯುತ್ತೆ. ಸೋಮಾರಿಗೆ ನೆಪ ಬೇಕು, ಅಷ್ಟೇ."

"ಅವನು ಸುಳ್ಳು ಹೇಳೋನಲ್ಲ."

"ಹಾಗಾದ್ರೆ ನಾನು ಹೇಳ್ತೀನಾ?"

ಲವೋನ್ ಮೆತ್ತಗೆ, "ಅಪ್ಪನ ಹುಲ್ಲುಗಾವಲನ್ನ ಎರಡಾಗಿ ನೋಡ್ತೀನಿ ಅಂತ ಅಂದ್ಕೊಂಡಿರಲಿಲ್ಲ, ಡೆಲ್ಮರ್. ನನಗಿರೋದು ಅವನೊಬ್ನೇ," ಅಂದಳು. ಅವಳು ಅತ್ತಿದ್ದರೆ ಡೆಲ್ಮರ್ ಹೇಗಾದರೂ ಸಮಾಧಾನ ಮಾಡುತ್ತಿದ್ದ. ಅವಳು ಅಳದೆ ಎದ್ದು ಪಾತ್ರೆ ತೊಳೆದಳು. ಅವನು ಬೀನ್ಸನ್ನು ಅರ್ಧಕ್ಕೇ ಬಿಟ್ಟು ಎದ್ದ.

ಹಾಗೂ ಹೀಗೂ ಗುಡ್ಡದ ನೆತ್ತಿ ತಲಪುವ ದಿನ ಬಂತು. ನೆತ್ತಿಯಿಂದ ಗಾಳಿಯಂತ್ರದವರೆಗಿನ ಇಳಿಜಾರು ಸಲೀಸು, ಒಂದೆರಡು ದಿನದಲ್ಲಿ ಮುಗಿಯುತ್ತದೆ, ಆರ್ನಿಯ ತೆಂಕಣ ಅರ್ಧ ಇಷ್ಟರಲ್ಲಿ ಮುಗಿದೇ ಇರುತ್ತದೆ, ತಂತಿ ಬಿಗಿಯುವ ಸದ್ದಿಗೆ ದನ ಆ ಕಡೆ ಬರುವುದೂ ಇಲ್ಲ ಎಂದು ಲೆಕ್ಕ ಹಾಕಿ, ಡೆಲ್ಮರ್ ಬೆಳಿಗ್ಗೆಯೇ ದೊಡ್ಡಿಯ ಬಾಗಿಲು ತೆರೆದ. "ಹೋಗ್ರೇ, ನಿಮ್ಮ ಹುಲ್ಲು ನಿಮಗೆ," ಎಂದು ಕೆಂಪು ಹಸುಗಳನ್ನು ಹೊರಗೆ ಬಿಟ್ಟ. ಶಿಳ್ಳೆ ಹಾಕುತ್ತಾ ನೆತ್ತಿಗೆ ಹತ್ತಿದ.

ನೆತ್ತಿಯ ಮೇಲೆ ಆರ್ನಿ ಕೂತಿದ್ದ.

ಪಕ್ಕದಲ್ಲಿ ಅವನ ನಾಯಿ ರಸ್ಟಿ. ಹಿಂದೆ, ಗಾಳಿಯಂತ್ರದಿಂದ ಗುಡ್ಡದ ತುದಿಯವರೆಗೆ, ಸಾಲಾಗಿ ಗೂಟ, ನಾಲ್ಕೆಳೆ ತಂತಿ. ಡೆಲ್ಮರನ ಶಿಳ್ಳೆ ಬಾಯಲ್ಲೇ ಉಳಿಯಿತು. ಆರ್ನಿಯೂ ಕಣ್ಣು ಕಣ್ಣು ಬಿಟ್ಟ. ಮಾತು ಬಂದ್ ಆಗಿತ್ತಲ್ಲ, ಇಬ್ಬರೂ ನಾಯಿಯ ಮೂಲಕವೇ ವ್ಯವಹಾರಕ್ಕೆ ಇಳಿದರು.

"ರಸ್ಟಿ, ನನ್ನ ಪಾಲಿನ ಬೇಲಿ ಇವನ್ಯಾಕೆ ಹಾಕ್ತಿದಾನೆ, ಕೇಳು," ಅಂದ ಡೆಲ್ಮರ್.

"ಇದು ನನ್ನ ಪಾಲು ಅಂತ ಹೇಳು, ರಸ್ಟಿ. ಅವನ್ದು ಕೊಳದ ಕಡೆ. ಇಲ್ಲೇನು ಮಾಡ್ತಿದಾನೆ?"

ರಸ್ಟಿ ಒಮ್ಮೆ ಇವನನ್ನು, ಒಮ್ಮೆ ಅವನನ್ನು ನೋಡಿ ಆಕಳಿಸಿತು.

ಅಷ್ಟರಲ್ಲಿ ಕೆಳಗಿನಿಂದ ಅಂಬಾ ಎಂಬ ದನಿ ಕೇಳಿಸಿತು. ಇಬ್ಬರೂ ತಿರುಗಿ ನೋಡಿದರು. ಗಾಳಿಯಂತ್ರದ ಆಚೆಯ ತೆಂಕಣ ಅರ್ಧದಲ್ಲಿ ಒಂದು ಗೂಟವೂ ಇರಲಿಲ್ಲ. ಕೊಳದ ಬಳಿ, ಮರದ ನೆರಳಲ್ಲಿ, ಕೆಂಪು ಹಸುಗಳೂ ಕಪ್ಪು ಹಸುಗಳೂ ಬಹಳ ದಿನಕ್ಕೆ ಸಿಕ್ಕ ನೆಂಟರ ಹಾಗೆ ಒಂದರ ಕತ್ತನ್ನು ಒಂದು ನೆಕ್ಕುತ್ತಾ ನಿಂತಿದ್ದವು. ಇಡೀ ಬೇಸಿಗೆ ಬೆವರು ಸುರಿಸಿ ಇಬ್ಬರೂ ಸೇರಿ ಕಟ್ಟಿದ್ದು ಒಂದೇ ಅರ್ಧವನ್ನು.

"ಕೊಳದ ಕಡೆ ಖಾಲಿ ಇರೋದು ನಿನಗೆ ಕಾಣ್ತಿರಲಿಲ್ವಾ?" ಡೆಲ್ಮರ್ ನಾಯಿಯನ್ನು ಬಿಟ್ಟು ನೇರವಾಗಿ ಕೇಳಿದ.

"ಕಾಣ್ತಿತ್ತು," ಅಂದ ಆರ್ನಿ. ಊದಿದ ಭುಜ ನೀವಿಕೊಂಡ. "ನೀನು ಬೇಕಂತಲೇ ಬಿಟ್ಟಿದೀಯ ಅಂದ್ಕೊಂಡೆ. ಅಕ್ಕನಿಗೆ ಬೇಜಾರಾಗುತ್ತೆ ಅಂತ. ಡೆಲ್ ಒಳ್ಳೆಯವನು, ನಾನೇ ನಾಲಿಗೆ ಹರಿಯಬಿಟ್ಟೆ ಅಂತ ಮನೇಲೂ ಹೇಳ್ದೆ."

"ಮತ್ತೆ ನೀನ್ಯಾಕೆ ನಿಲ್ಲಿಸಲಿಲ್ಲ?"

"ನಿಲ್ಲಿಸಿದ್ರೆ ನೀನು ನನ್ನ ಸೋಮಾರಿ ಅಂತಿದ್ದೆ."

ಡೆಲ್ಮರನಿಗೆ ಹೌದು, ಬೇಕಂತಲೇ ಬಿಟ್ಟೆ ಎಂದುಬಿಡುವ ಆಸೆ ನಾಲಿಗೆಯ ತುದಿಗೆ ಬಂತು. ಆದರೆ ಹಿಂದೆ ಅವನೇ ನೆಟ್ಟ ಗೂಟಗಳು ಹಳ್ಳದ ತನಕ ಸಾಕ್ಷಿ ನಿಂತಿದ್ದವು. ಅವನಿಗೆ ನೆಲ ಬಾಯ್ಬಿಟ್ಟರೆ ಸಾಕು ಅನ್ನಿಸಿತು.

"ನೀನು ಎಲ್ಲಿ ನಿಂತು ನೋಡಿದೆ?" ಎಂದು ಕೇಳಿದ.

"ಗಾಳಿಯಂತ್ರದ ಹತ್ರ, ನಿಮ್ಮ ಮನೆ ಕಡೆ ಮುಖ ಮಾಡಿ. ನೀನೂ ಬರಬಹುದು ಅಂತ ಬಹಳ ಹೊತ್ತು ನಿಂತಿದ್ದೆ. ಅಕ್ಕ ಬಟ್ಟೆ ಒಣಗಹಾಕ್ತಾ ಇದ್ಲು," ಅಂದ ಆರ್ನಿ.

ಎರಡೂ ಕಡೆಯ ತಂತಿಯ ತುದಿಗಳು ಅಲ್ಲೇ ನೆತ್ತಿಯ ಮೇಲೆ ಜೋತಾಡುತ್ತಿದ್ದವು. ಇಬ್ಬರೂ ಅವನ್ನು ಸೇರಿಸಿ ಗಂಟು ಹಾಕಿದರು. ಆರ್ನಿ ಹಿಡಿದ, ಡೆಲ್ಮರ್ ಬಿಗಿದ.

ಮನೆಗೆ ಬಂದವನು ಟೋಪಿ ಕೂಡ ತೆಗೆಯದೆ ಕೂತು ಲವೋನಳಿಗೆ ಎಲ್ಲ ಹೇಳಿದ.

"ನೀನು ಯಾವ ಕಡೆ ಮುಖ ಮಾಡಿ ನಿಂತಿದ್ದೆ?" ಅಂದಳು ಅವಳು.

"ನಮ್ಮ ಮನೆ ಕಡೆ."

"ಅವನು?"

"ಅವನೂ ನಮ್ಮ ಮನೆ ಕಡೆಗೇ."

ಲವೋನ್ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. "ಅವನೂ ನಿನ್ನ ಹಾಗೇ ಬೆನ್ನು ತಿರುಗಿಸಿ ನಿಂತಿದ್ದಿದ್ರೆ ಬೇಲಿ ಇವತ್ತಿಗೆ ಸರಿಯಾಗಿ ಮುಗಿದಿರ್ತಿತ್ತು," ಅಂದಳು. ನಗುತ್ತಾಳೆಂದು ಡೆಲ್ಮರ್ ಕಾದ. ಅವಳು ನಗಲಿಲ್ಲ.

ಮರುದಿನ ಬೆಳಿಗ್ಗೆ ಅವನು ಕೊಟ್ಟಿಗೆಯ ಮೂಲೆಯಿಂದ ಉಪ್ಪಿನ ಗಟ್ಟಿಯನ್ನು ಎಳೆದ. ಮುದ್ರೆ ಒತ್ತುವ ದಿನಕ್ಕೂ ಮೊದಲೇ ತಂದಿಟ್ಟು ಒಯ್ಯಲು ಮರೆತದ್ದು. ಅಷ್ಟು ಜನರ ಮುಂದೆ "ಮರೆತೆ ಕಣೋ" ಎಂಬ ಒಂದು ಮಾತು ಅವನ ಬಾಯಿಗೆ ಬಂದಿರಲಿಲ್ಲ. ಗಟ್ಟಿಯನ್ನು ಗಾಳಿಯಂತ್ರದ ಬುಡದಲ್ಲಿ ಇಟ್ಟು, ಈ ಸಲ ಹಸಿರು ಮಾಡಿನ ಕಡೆ ಮುಖ ಮಾಡಿ ನಿಂತು, ಬಲಗೈ ಚಾಚಿದ. ಬೆಣ್ಣೆಯಂಥ ಮಣ್ಣು, ಕೊಳ, ಮರದ ನೆರಳು. ಎಲ್ಲವೂ ಮೊದಲಿಂದಲೂ ಅವನದೇ ಪಾಲಾಗಿತ್ತು. ಆ ಮುರಿದ ಭುಜದವನು ಕಲ್ಲಿನ ಪಾಲಿಗೆ ಒಂದು ಮಾತೂ ಆಡದೆ ಹೆಗಲು ಕೊಟ್ಟಿದ್ದ. ಡೆಲ್ಮರನಿಗೆ ಬಹಳ ಹೊತ್ತು ಕೈ ಇಳಿಸಲು ಆಗಲಿಲ್ಲ.

ಭಾನುವಾರ ಕಡುಬು ಕಾರು ಹತ್ತಲಿಲ್ಲ. ಆರ್ನಿಯೇ ಬಂದು ಅಡುಗೆಮನೆಯಲ್ಲಿ, ಹರಿದ ಜಾಲರಿಯ ಕಿಟಕಿಯ ಕೆಳಗೆ ಕೂತ.

"ತೆಂಕಣ ಅರ್ಧ ಯಾವಾಗ ಶುರು?" ಎಂದು ಕೇಳಿದ.

"ಗೂಟ ಮುಗಿದುಹೋಗಿವೆ," ಅಂದ ಡೆಲ್ಮರ್. ಕೊಟ್ಟಿಗೆಯ ತುಂಬ ಗೂಟ ಬಿದ್ದಿದ್ದು ಮೂವರಿಗೂ ಗೊತ್ತಿತ್ತು.

ಆರ್ನಿ ಕುತ್ತಿಗೆಯ ಮೇಲೆ ಚಟ್ಟನೆ ಹೊಡೆದುಕೊಂಡ. ಅಂಗೈ ನೋಡಿಕೊಂಡು, ಅಕ್ಕನ ಕಡೆ ಕಣ್ಣು ಹೊಡೆದು, "ಡೆಲ್, ಈ ಸೊಳ್ಳೆ ನಿನ್ನ ಅಪ್ಪಣೆ ತಗೊಂಡೇ ಒಳಗೆ ಬಂತಾ?" ಅಂದ.

ಡೆಲ್ಮರನ ಕಿವಿ ಮತ್ತೆ ಕೆಂಪಾಯಿತು. ಈ ಸಲ ಅವನು ತಟ್ಟೆ ಕೆಳಗಿಡಲಿಲ್ಲ. ಕಡುಬನ್ನು ಇಡಿಯಾಗಿ ಭಾಮೈದನ ಮುಂದಕ್ಕೆ ಸರಿಸಿ, ಜಾಲರಿ ಹೊಲಿಯಲು ಸೂಜಿ ಎಲ್ಲಿದೆ ಎಂದು ಹೆಂಡತಿಯನ್ನು ಕೇಳಿದ.