ಹೊಸಿಲು ಕಚ್ಚಿದ ಹೊಸ ಗರಗಸಕ್ಕೆ

ಮಾನ್ಯರೇ,

ತುಮಕೂರಿನ ಅಂಗಡಿಯ ಗಾಜಿನ ಬೀರುವಿನಿಂದ ಇಳಿದು, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಆಗಬೇಕೆಂದು ಕೂತು, ಗುಬ್ಬಿಯಲ್ಲಿ ನನ್ನ ಮಗಳು ತೇಜಸ್ವಿನಿ ಕಟ್ಟಿಸುತ್ತಿದ್ದ ಮನೆಗೆ ದಯಮಾಡಿಸಿದ ತಮಗೆ ಚೇಳೂರಿನ ಹೊಂಬಾಳಮ್ಮನ ನಮಸ್ಕಾರಗಳು. ತಮ್ಮ ಹಿಡಿಯ ಕೆಂಪು, ಅಲಗಿನ ಹೊಳಪು ಎಂದೂ ಮಾಸದಿರಲಿ. ಕೆಲಸ ಬಾರದವರ ಮೈಬಣ್ಣ ಮಾಸುವುದಿಲ್ಲವೆಂದು ಬಲ್ಲೆ.

ತಮ್ಮನ್ನು ಆರಿಸಿದವರು ನಮ್ಮ ಅಳಿಯಂದಿರಾದ ರವೀಶ್ ಅವರು. ತುರಿಮಣೆ ಕೊಳ್ಳುವವರಂತೆ ಹಲ್ಲಿನ ಮೇಲೆ ಹೆಬ್ಬೆರಳಾಡಿಸಿ ತಂದು, "ಎಷ್ಟ್ ದಪ್ಪ ಹಲ್ಲವೆ ನೋಡಿ ಅತ್ತೆ! ಎರಡೇ ಎಳೆತಕ್ಕೆ ಕತ್ತರಿಸಿ ಬಿಸಾಕ್ತದೆ" ಎಂದರು. ತೆಂಗಿನ ಸೀಮೆಯವರು, ಹಲ್ಲು ಕಂಡರೆ ತುರಿಯೇ ನೆನಪಾಗುತ್ತದೆ. ಮರವನ್ನು ಎಳೆಯ ಉದ್ದಕ್ಕೆ ಸೀಳಲು ಉಳಿಯಂಥ ದಪ್ಪ ಹಲ್ಲು, ಎಳೆಗೆ ಅಡ್ಡಲಾಗಿ ಕೊಯ್ಯಲು ಚಾಕುವಿನ ಮೊನೆಯಂಥ ಸಣ್ಣ ಹಲ್ಲು ಬೇಕೆಂದು ನಾನು ಹೇಳಿದ್ದಕ್ಕೆ, "ಅಂಗಡಿಯೋರು ಎಲ್ಲದಕ್ಕೂ ಆಯ್ತದೆ ಅಂದವ್ರೆ, ಬುಡಿ ಅತ್ತೆ" ಎಂದರು. ನಮ್ಮ ಮಾವನವರ ಕಾಲದ ಅಡ್ಡಗೊಯ್ಯುವ ಗರಗಸ ಮನೆಯಲ್ಲೇ ಇತ್ತು. ಅದನ್ನು ಹಳೇ ಕಬ್ಬಿಣದವನಿಗೆ ಕೊಟ್ಟು ನೀಲಿ ಪ್ಲಾಸ್ಟಿಕ್ ಬಕೆಟ್ ತಂದವರೂ ಇದೇ ಅಳಿಯಂದಿರು.

ತಮ್ಮ ಮುಂದೆ ಮಲಗಿಸಿದ್ದು ಅಂಥಿಂಥ ಹಲಗೆಯಲ್ಲ. ನಮ್ಮ ಅತ್ತೆಯವರು ನೆಟ್ಟ ಹಲಸಿನ ಮರ ಗಾಳಿಗೆ ಬಿದ್ದಾಗ, ಮೊಮ್ಮಗಳ ಮನೆಯ ಹೊಸಿಲಿಗೆಂದು ಎತ್ತಿಟ್ಟದ್ದು. ಬಾಗಿಲಿನ ಅಳತೆಗೆ ತುದಿಯನ್ನು ಅಡ್ಡಲಾಗಿ ಕೊಯ್ಯುವುದಷ್ಟೇ ಬಾಕಿಯಿತ್ತು. ನಮ್ಮಲ್ಲಿ ಹೊಸಿಲಿಗೆ ತೇಪೆ ಹಾಕುವುದಿಲ್ಲ, ಒಂದೇ ತುಂಡಿರಬೇಕು. ಶುಕ್ರವಾರ ಬಾಗಿಲು ನಿಲ್ಲಿಸುವ ಪೂಜೆ; ಕುಣಿಗಲ್ಲಿಗೆ ಕೆಲಸಕ್ಕೆ ಹೋಗಿರುವ ಓಬಳಯ್ಯ ಆಚಾರಿ ಬರುವವರೆಗೆ ಹಲಗೆ ಮುಟ್ಟಬೇಡಿ ಎಂದು ಹೇಳಿ ನಾನು ಚೇಳೂರಿಗೆ ಬಂದೆ. ಮರುದಿನ ಹೋಗಿ ನೋಡಿದರೆ ತಾವು ಮುಟ್ಟಿಯಾಗಿತ್ತು.

ಅವರದೇ ವಿಡಿಯೊ ನೋಡಿ ತಿಳಿಯಿತು: ಅಳಿಯಂದಿರ ಒಂದು ಕೈಯಲ್ಲಿ ತಾವು, ಇನ್ನೊಂದು ಕೈಯಲ್ಲಿ ಅದನ್ನು ತೆಗೆಯುವ ಫೋನು, ಹಲಗೆಯ ಆ ತುದಿ ಹಿಡಿಯಲು ಯಾರೂ ಇಲ್ಲ. ಪೆನ್ಸಿಲ್ ಗೆರೆ ನೇರ ಹೋದರೆ ತಾವು ವಾಸ್ತು ಬಲ್ಲವರಂತೆ ಈಶಾನ್ಯಕ್ಕೆ ಹೊರಟಿರಿ. ಕೊಯ್ದಿರೆಂದರೆ ಸುಳ್ಳಾಗುತ್ತದೆ, ಕರಡಿ ಹುತ್ತ ಕೆದರಿದಂತೆ ಕೆದರಿದಿರಿ. ಕೊನೆಗೆ ಆ ತುದಿ ತನ್ನ ಭಾರಕ್ಕೆ ತಾನೇ ಮುರಿದು, ಹೊಸಿಲಾಗಬೇಕಿದ್ದ ಕಡೆಯಿಂದಲೇ ಒಂದು ಗೇಣುದ್ದದ ಸಿಬಿರು ಎದ್ದು ಬಂತು. ಇಷ್ಟು ಕಡಿಮೆ ಶ್ರಮದಲ್ಲಿ ಇಷ್ಟು ನಷ್ಟ ಮಾಡುವ ಪ್ರತಿಭೆ ನಮ್ಮ ತಾಲೂಕಿಗೆ ಹೊಸದು.

ಆದ್ದರಿಂದ ತಾವು ಉದುರಿಸಿದ ಹೊಟ್ಟನ್ನೆಲ್ಲ ಮರಳಿ ಮರ ಮಾಡಿಕೊಡಬೇಕಾಗಿ ವಿನಂತಿ. ಅದಾಗದಿದ್ದರೆ ಇರುವ ಹಲ್ಲುಗಳನ್ನಾದರೂ ಉದುರಿಸಿಕೊಳ್ಳಿ. ನಮ್ಮ ಮಕ್ಕಳ ಹಾಲುಹಲ್ಲಿಗೆ ಮಾಡಿದಂತೆ ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯುತ್ತೇನೆ. ಮುಂದೆ ಸಣ್ಣವೂ ಚೂಪಾದವೂ ಹುಟ್ಟಬಹುದು. ಬುದ್ಧಿಯೂ ಹೀಗೇ ಹೊಸದಾಗಿ ಹುಟ್ಟುವುದಿದ್ದರೆ ಅಳಿಯಂದಿರನ್ನೂ ಜೊತೆಗೆ ಕಳಿಸುತ್ತಿದ್ದೆ.

ಗುರುವಾರ ಓಬಳಯ್ಯ ಬಂದು ಹಲಗೆ ನೋಡಿ, "ಯಾವ್ ಇಲಿ ಕಡೀತಮ್ಮ ಇದ್ನ?" ಎಂದ. ಅಳಿಯಂದಿರು ನೆಲ ನೋಡುತ್ತ, "ಬೇರೆ ಮರ ತರಾಣ ಅತ್ತೆ" ಎಂದರು. ತೇಜಸ್ವಿನಿ ಅಜ್ಜಿಯ ಹಲಗೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ನಾನು ಹೇಳಿದೆ: "ಹೊಸಿಲು ಇದೇಯ. ಬಾಗಿಲೇ ಕಿರಿದಾಗ್ಲಿ."

ಸಿಬಿರೆದ್ದಷ್ಟನ್ನೂ ಓಬಳಯ್ಯ ತನ್ನ ಸಣ್ಣ ಹಲ್ಲಿನ ಗರಗಸದಲ್ಲಿ ತೆಗೆದ. ಶುಕ್ರವಾರ ಬಾಗಿಲು ನಿಂತಿತು, ಒಂದು ಗೇಣು ಕಿರಿದಾಗಿ. ಹೊಸಿಲಿಗೆ ಅರಿಶಿನ ಕುಂಕುಮ ನಾನೇ ಹಚ್ಚಿದೆ, ಒಂದೇ ತುಂಡು. ಮನೆ ಒಕ್ಕಲಾದ ಮೇಲೆ, ಮದುವೆಯಲ್ಲಿ ಕೊಟ್ಟ ಬೀರು ಮಾತ್ರ ಆ ಬಾಗಿಲಲ್ಲಿ ಒಳಗೆ ಹೋಗದೆ ಜಗಲಿಯಲ್ಲೇ ನಿಂತಿದೆ. ಅಳಿಯಂದಿರ ಪಂಚೆ ಶರ್ಟುಗಳೆಲ್ಲ ಅದರಲ್ಲೇ ಇರುವುದರಿಂದ, ಸ್ನಾನ ಮುಗಿಸಿದವರು ಟವೆಲು ಸುತ್ತಿಕೊಂಡು ದಿನವೂ ಬೀದಿಗೆ ದರ್ಶನ ಕೊಡುತ್ತಿದ್ದಾರೆ.

ಹಲ್ಲು ನೋಡಿ ಯಾರನ್ನೂ ನಂಬದ,
ತಮ್ಮ ವಿಶ್ವಾಸಿ,
ಹೊಂಬಾಳಮ್ಮ, ಚೇಳೂರು

ತಾ.ಕ.: ಆ ನೀಲಿ ಬಕೆಟ್ ನಿನ್ನೆ ಬಾಯಿಂದ ತಳದವರೆಗೆ ತಾನಾಗಿಯೇ ಸೀಳಿತು. ಗೆರೆ ಎಳೆದಂತೆ ನೇರವಾಗಿದೆ. ಬಿಡುವಾದಾಗ ಬಂದು ನೋಡಿ ಕಲಿಯಿರಿ.